ಕಿಡಿಚೀಟಿಯ ತೋರಣ

ಕಾರಗೇರಿ,
ಫೆಬ್ರವರಿ ಮೂವತ್ತು, ಇಸವಿ ಎರಡು ಸಾವಿರದ ನೂರ ಅರವತ್ತಮೂರು

ಪೂಜ್ಯ ನೀಲಗಂಗವ್ವ ಆಯಿಯವರಿಗೆ, ನಿಮ್ಮ ಮಗಳ ಪೀಳಿಗೆಯಲ್ಲಿ ನಾಲ್ಕನೆಯ ತಲೆಯವಳಾದ ಚಂಪಕ್ಕ ಹುರಕಡ್ಲಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಇದನ್ನು ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಂಡು ಕಾಗದವನ್ನು ಒಲೆಗೆ ಹಾಕಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂಬುದು ನನಗೂ ಗೊತ್ತು. ನಮ್ಮವರು ಜನವರಿಯಿಂದ ಒಂದು, ಮಾರ್ಚಿನಿಂದ ಒಂದು ದಿನ ಕಿತ್ತು ಅದರ ಬಾಲಕ್ಕೆ ಕಟ್ಟಿದ್ದಾರೆ. ಈ ಮೂವತ್ತನೆಯ ದಿನವನ್ನು ಬರಿದಿನ ಎನ್ನುತ್ತೇವೆ. ಅಂದು ಅಂಗಡಿ ತೆರೆಯುವಂತಿಲ್ಲ, ಯಾರೂ ಏನನ್ನೂ ಮಾರುವಂತಿಲ್ಲ. ಊರಿನ ಬಿಲ್ಲಿನ ಯಂತ್ರಗಳನ್ನೆಲ್ಲ ನಿಲ್ಲಿಸಿ ಹೊಸ ವರ್ಷದ ದರ ತುಂಬುತ್ತಾರೆ. ಹಿಂದಂಚೆ ನಡೆಯುವುದೂ ಇದೊಂದೇ ದಿನ. ಹಿಂದಂಚೆ ಎಂದರೆ ಮುಗಿದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಅದು ಹೇಗೆ ಒಯ್ಯುತ್ತದೆ ಎಂದು ಕೇಳಬೇಡಿ, ನನಗೆ ತಿಳಿಯದು. ತಿಳಿದಿದೆ ಎನ್ನುವವರ ಮೇಲೂ ನನಗೆ ಗುಮಾನಿಯೇ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಅಂಚೆಯವರು ಒಡೆದು ಓದಿಯೇ ಕಳಿಸುತ್ತಾರಂತೆ. ಮಧ್ಯದಲ್ಲಿ ಎಲ್ಲಾದರೂ ಸಾಲು ಹಾರಿದಂತೆ ಕಂಡರೆ ಅದು ನನ್ನ ಮರೆವಲ್ಲ, ಅವರ ಕತ್ತರಿ.

ನಿಮಗೀಗ ಮೂವತ್ತೊಂದು ವರ್ಷ, ನನಗೆ ಅರವತ್ತೆರಡು. ಸಂಬಂಧದಲ್ಲಿ ನೀವು ಆಯಿ, ವಯಸ್ಸಿನಲ್ಲಿ ಮಗಳು. ಎರಡಕ್ಕೂ ಹೊಂದುವಂತೆ ಬರೆಯುವುದು ಕಷ್ಟ. ಮಾತು ಎಲ್ಲಾದರೂ ಒರಟಾದರೆ ಮುದುಕಿಯೆಂದು ಬಿಟ್ಟುಬಿಡಿ, ಸಲಿಗೆಯಾದರೆ ಮೊಮ್ಮಗಳೆಂದು ಬಿಟ್ಟುಬಿಡಿ.

ಈ ಕಾಗದ ಮುಟ್ಟಿದ ಎಂಟನೆಯ ದಿನಕ್ಕೆ ನಿಮ್ಮ ಪುರಸಭೆಯ ಅಂಗಳದಲ್ಲಿ ಒಂದು ಸಭೆ ನಡೆಯಲಿದೆ. ಮೆಣಸಿನಕಾಯಿ ಪೇಟೆಗೆ ಬೆಂಕಿ ಬಿದ್ದು ಇನ್ನೂ ತಿಂಗಳಾಗಿಲ್ಲ. ಜಿಲ್ಲಾಕೇಂದ್ರದಿಂದ ಅಗ್ನಿಶಾಮಕದ ಗಾಡಿ ಬರುವಷ್ಟರಲ್ಲಿ ನಾಲ್ಕು ಶೆಡ್ಡು ಬೂದಿಯಾಗಿದ್ದವು; ಒಣಮೆಣಸಿನಕಾಯಿಯ ಹೊಗೆಯಲ್ಲಿ ಕಣ್ಣು ಬಿಡಲಾಗದೆ ಕೊಡ ಹಿಡಿದು ಓಡಿದವರೇ ಮಕಾಡೆ ಬಿದ್ದಿದ್ದರು. ಅಲ್ಲೇ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದ ನಿಮಗೆ ಇದನ್ನು ನಾನು ಹೇಳಬೇಕಿಲ್ಲ. ಆ ಸಭೆಯಲ್ಲಿ ಒಂದು ಠರಾವು ಬರುತ್ತದೆ: ಊರಿನಲ್ಲಿ ನಡೆಯುವ ಪ್ರತಿ ಮಾರಾಟದ ಮೇಲೆ ನೂರಕ್ಕೆ ಒಂದರಂತೆ ತೆರಿಗೆ ಎತ್ತಿ, ಅದರಿಂದ ಊರಿನದೇ ಆದ ಬೆಂಕಿ ಆರಿಸುವ ಗಾಡಿಯನ್ನೂ ಆಂಬುಲೆನ್ಸನ್ನೂ ಇಡಬೇಕು ಎಂದು. ಆ ತೆರಿಗೆಗೆ ಜನ ಆಮೇಲೆ ಕಿಡಿಕಾಸು ಎಂದು ಹೆಸರಿಟ್ಟರು. ಈಗಲೂ ಅದೇ ಹೆಸರು.

ಇದೆಲ್ಲ ಕಳ್ಳರ ಆಟ, ವಿರೋಧಿಸಿ ಎನ್ನಲು ಬರೆಯುತ್ತಿದ್ದೇನೆ ಎಂದು ನಿಮಗೆ ಅನ್ನಿಸಬಹುದು. ಅಲ್ಲ. ಕಿಡಿಕಾಸು ಒಳ್ಳೆಯದೇ ಮಾಡಿತು. ಎರಡು ಕೆಂಪು ಗಾಡಿ, ಒಂದು ಬಿಳಿ ಗಾಡಿ ಬಂದವು. ಹೆರಿಗೆಗೆ ಟ್ರ್ಯಾಕ್ಟರಿನಲ್ಲಿ ಹೋಗುವುದು ನಿಂತಿತು. ನಿಮ್ಮ ಮಗಳು ತನ್ನ ಮಗಳನ್ನು ಹೆತ್ತದ್ದು ಅದೇ ಬಿಳಿ ಗಾಡಿಯಲ್ಲಿ, ಹಳ್ಳದ ಸೇತುವೆಯ ಮೇಲೆ. ಅಂದರೆ ನಾನು ಈ ಭೂಮಿಯ ಮೇಲಿರುವುದಕ್ಕೂ ಆ ಕಾಸು ಸ್ವಲ್ಪ ಕಾರಣ. ನನ್ನ ತಕರಾರು ಕಾಸಿನ ಮೇಲೆ ಅಲ್ಲ, ಆಮೇಲೆ ನಡೆದದ್ದರ ಮೇಲೆ.

ಮೊದಲ ಗುಮಾನಿ ಜನರದು, ಅದರಲ್ಲಿ ತಪ್ಪೂ ಇರಲಿಲ್ಲ. ಇಪ್ಪತ್ತು ವರ್ಷ ಚೆನ್ನಾಗಿ ನಡೆದ ಮೇಲೆ ಪುರಸಭೆಯವರು ಕಿಡಿಕಾಸಿನಿಂದ ಊರ ಬಾಗಿಲಲ್ಲಿ ಒಂದು ಕಮಾನು ಕಟ್ಟಿಸಿದರು. ಅದರ ಮೇಲೆ ಶಿರಸ್ತ್ರಾಣ ತೊಟ್ಟ ಮನುಷ್ಯನ ಮೂರ್ತಿ, ಕೈಯಲ್ಲಿ ನೀರಿನ ಪೈಪು. ಅದೇ ವರ್ಷ ಅಗ್ನಿಠಾಣೆಯ ನಿಜವಾದ ಪೈಪು ತೂತು ಬಿದ್ದು, ಬೆಂಕಿಯ ಮುಂದೆ ನಿಂತವರ ಕಾಲಿಗೇ ನೀರು ಹರಿಯಿತಂತೆ. ಜನ ನೋಡಿದರು, ಆದರೆ ಪುರಸಭೆಗೆ ಹೋಗಿ ಪುಸ್ತಕ ತೆಗೆಸಲಿಲ್ಲ. ಬದಲಿಗೆ ಅಂಗಡಿಗೆ ಹೋಗುವುದನ್ನೇ ಕಡಿಮೆ ಮಾಡಿದರು. ಜೋಳ ಕೊಟ್ಟು ಬಟ್ಟೆ, ಬಟ್ಟೆ ಕೊಟ್ಟು ಎಣ್ಣೆ, ಎಣ್ಣೆ ಕೊಟ್ಟು ಮೆಣಸಿನಕಾಯಿ. ಇದಕ್ಕೆ ಕೈಬದಲಿ ಎನ್ನುತ್ತೇವೆ. ಮಾರಾಟವೇ ಇಲ್ಲ ಎಂದ ಮೇಲೆ ಅದರ ಮೇಲೆ ತೆರಿಗೆಯೂ ಇಲ್ಲವಲ್ಲ. ಎರಡನೆಯ ಕೆಂಪು ಗಾಡಿ ತುಕ್ಕು ಹಿಡಿಯಿತು.

ಆಗ ಗುಮಾನಿಪಡುವ ಸರದಿ ಪುರಸಭೆಯದಾಯಿತು. ಕೊಂಡವರೆಷ್ಟು, ಕೈಬದಲಿ ಮಾಡಿಕೊಂಡು ಪುಕ್ಕಟೆ ಗಾಡಿ ಕರೆಯುವವರೆಷ್ಟು? ಪ್ರತಿ ಬಿಲ್ಲಿನ ಜೊತೆ ಬೆರಳಗಲದ ಒಂದು ಕೇಸರಿ ಕಾಗದ ಬರತೊಡಗಿತು. ಅದೇ ಕಿಡಿಚೀಟಿ. ಗಾಡಿ ಬೇಕೆಂದು ಕರೆಯುವವರು ಆ ತಿಂಗಳ ಒಂದು ಚೀಟಿಯ ನಂಬರು ಹೇಳಬೇಕು. ಗಾಡಿ ಬಂದಾಗ ಚೀಟಿಗಳು ಬಾಗಿಲಲ್ಲೇ ಕಾಣಬೇಕು. ಕಾಣಲಿ ಎಂದು ಜನ ಅವನ್ನು ದಾರಕ್ಕೆ ಪೋಣಿಸಿ, ಮಾವಿನೆಲೆ ಕಟ್ಟುವ ಜಾಗದಲ್ಲಿ ಕಟ್ಟಿದರು. ಬರುಬರುತ್ತಾ ಅದೇ ಮನೆಯ ಮರ್ಯಾದೆಯಾಯಿತು. ಹೆಣ್ಣು ಕೊಡುವವರು ಮೊದಲು ತೋರಣದ ಉದ್ದ ನೋಡುತ್ತಾರೆ. ಚೀಟಿ ಸಾಲದಿದ್ದರೆ ತಿಂಗಳ ಕೊನೆಗೆ ಜನ ಬೇಡದ್ದನ್ನೆಲ್ಲ ಕೊಳ್ಳುತ್ತಾರೆ. ನಮ್ಮ ಓಣಿಯ ಬೋಳುತಲೆಯ ಮಾಸ್ತರರೊಬ್ಬರು ಒಂದೇ ವರ್ಷ ಹದಿನಾಲ್ಕು ಬಾಚಣಿಗೆ ಕೊಂಡರು. ಇಂಥ ಬಿಸಿಲಿನ ಊರು, ಬೀದಿಗೆಲ್ಲ ನೆರಳಿಗೆಂದು ಬಟ್ಟೆ ಹೊದಿಸಿರುವ ಊರು, ಗೋಡೆಯೂ ಕಾದು ಕೈಸುಡುವ ಊರು. ಅಂಥ ಊರಿನ ಮನೆಮನೆಯ ಬಾಗಿಲಿಗೂ ಬೆಂಕಿಯಿಂದ ಕಾಪಾಡಲೆಂದು ಒಣಕಾಗದದ ಮಾಲೆ ತೂಗುಬಿಟ್ಟು ಇಷ್ಟು ವರ್ಷ ಬದುಕಿದ್ದೇವೆ. ಇದರಲ್ಲಿ ಏನೋ ಎಡವಟ್ಟಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರನ್ನೂ ಅನುಮಾನದಿಂದ ನೋಡುವ ನನಗೂ ಹೊಳೆಯಲಿಲ್ಲ.

ನನ್ನ ಕೆಲಸ ಹೇಳದೆ ಇಷ್ಟು ಬರೆದೆ. ಬೇಕೆಂದೇ ತಡಮಾಡಿದೆ. ನಾನು ಅಗ್ನಿಠಾಣೆಯ ಕೇಳುಗಾತಿ. ಕರೆ ಬಂದಾಗ ಎತ್ತಿ, ಚೀಟಿಯ ನಂಬರು ಕೇಳಿ, ಯಂತ್ರದಲ್ಲಿ ನೋಡಿ, ಖರೆ ಇದ್ದರೆ ಹಸಿರು ಗುಂಡಿ ಒತ್ತುವವಳು. ಗುಂಡಿ ಒತ್ತದೆ ಠಾಣೆಯ ಬಾಗಿಲು ತೆರೆಯುವುದಿಲ್ಲ. ಮೂವತ್ತು ವರ್ಷದಿಂದ ಇದೇ ಕುರ್ಚಿ. ಸುಳ್ಳು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಊರಿನಲ್ಲಿ ಹೆಸರು. ಹಳೆಯ ಚೀಟಿಯ ನಂಬರು ಹೇಳುವವರು, ಪಕ್ಕದ ಮನೆಯ ತೋರಣ ನೋಡಿ ಓದುವವರು, ನಂಬರು ಕೇಳಿದ ಕೂಡಲೇ ಅಳು ಶುರುಮಾಡುವವರು, ಎಲ್ಲರನ್ನೂ ಉಸಿರಿನಲ್ಲೇ ಗುರುತಿಸುತ್ತಿದ್ದೆ. ಹನ್ನೊಂದು ಮಂದಿಯನ್ನು ಹಿಡಿದುಕೊಟ್ಟದ್ದಕ್ಕೆ ಪುರಸಭೆ ನನಗೆ ಶಾಲು ಹೊದಿಸಿದೆ. ಆ ಶಾಲು ಪೆಟ್ಟಿಗೆಯ ತಳದಲ್ಲಿದೆ, ಈಗ ತೆಗೆಯುವುದಿಲ್ಲ.

ಹೋದ ವರ್ಷ ಫೆಬ್ರವರಿ ಇಪ್ಪತ್ತೊಂಬತ್ತು, ಅಂದರೆ ಬರಿದಿನದ ಹಿಂದಿನ ದಿನ, ಮಧ್ಯಾಹ್ನ ಮೂರರ ಹೊತ್ತು. ತೊಟ್ಟಿನ ಓಣಿಯಿಂದ ಕರೆ ಬಂತು. ತೊಟ್ಟು ಬಿಡಿಸುವ ಕೆಲಸಕ್ಕೆ ಯಂತ್ರ ಬಂದು ಎರಡು ಸಲ ಸೋತುಹೋಗಿದೆ ಆಯಿ, ಬೀಜ ಉದುರಿಸಿಬಿಡುತ್ತದೆ. ಇಂದಿಗೂ ನಿಮ್ಮಂಥ ಹೆಂಗಸರೇ ಕೂತು ಬಿಡಿಸುತ್ತಾರೆ, ಆ ಓಣಿಯಲ್ಲೇ ಇರುತ್ತಾರೆ. ಕರೆದವಳು ಯಲ್ಲೂಬಾಯಿ, ಬಟ್ಟೆ ಹೊಲಿಯುವಾಕೆ. ಅವಳ ಗಂಡ ಪರಸಪ್ಪ ಮೂಟೆ ಹೊರುವಾಗ ಬಿದ್ದು ಬೆನ್ನು ಮುರಿದುಕೊಂಡು ಆರು ವರ್ಷದಿಂದ ಹಾಸಿಗೆ ಹಿಡಿದವನು. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ನನಗೆ ಕೇಳಿಸಿದ್ದು ಒಂದು ದನಿ ಮಾತ್ರ: ಮನಿಗೆ ಬೆಂಕಿ ಹತ್ತೇತ್ರಿ, ನಮ್ಮ ಮನಿಯವ್ರು ಒಳಗ ಅದಾರ್ರಿ, ಲಗೂನ ಗಾಡಿ ಕಳಸ್ರಿ.

ನಾನು ನಂಬರು ಕೇಳಿದೆ. ನಂಬರ ಬಾಗಲದಾಗೈತ್ರಿ, ಬಾಗಲನ ಉರಿಯಾಕತ್ತೇತ್ರಿ, ಎಲ್ಲಿಂದ ಓದ್ಲಿ ಎಂದಳು. ಒಲೆಯಿಂದ ಹಾರಿದ ಕಿಡಿಯೊಂದು ತೋರಣಕ್ಕೆ ತಾಗಿ, ತೋರಣದಿಂದ ನೆರಳಬಟ್ಟೆಗೆ, ಅಲ್ಲಿಂದ ಮಾಡಿಗೆ ಹತ್ತಿತ್ತು. ಇದ್ದ ಒಂದೇ ಬಾಗಿಲಿನಲ್ಲೇ ಬೆಂಕಿ. ಅವಳು ಇದ್ದದ್ದನ್ನೇ ಹೇಳಿದ್ದಳು. ನನಗೆ ಮಾತ್ರ, ಎಲಾ ಇವಳ, ಇಂಥ ಉಪಾಯ ಇಷ್ಟು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲವಲ್ಲ ಎನ್ನಿಸಿತು. ಸ್ವಲ್ಪ ಮೆಚ್ಚಿಕೊಂಡೆ ಕೂಡ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಈ ತಿಂಗಳು ಏನು ಕೊಂಡೆ ಎಂದು ಕೇಳಿದೆ. ಸೂಜಿ, ಎರಡು ಉಂಡಿ ಕರಿ ದಾರ ಎಂದಳು. ಯಾವ ಅಂಗಡಿ ಎಂದೆ. ಹೇಳಿದಳು. ಯಾವ ವಾರ ಎಂದೆ. ಅಷ್ಟರಲ್ಲಿ ಅವಳಿಗೆ ಕೆಮ್ಮು ಹತ್ತಿ ಮಾತೇ ಹೊರಡಲಿಲ್ಲ. ಕೆಮ್ಮು ನಿಜವೋ ನಟನೆಯೋ ಎಂದು ಕಿವಿಗೊಟ್ಟು ಕೇಳಿದೆ. ಕೆಳಗೆ ಗಾಡಿಯ ಎಂಜಿನ್ ಶುರುಮಾಡಿ ಕೂತಿದ್ದ ಡ್ರೈವರ್ ಬಸಲಿಂಗ, ಅಕ್ಕಾರ, ಹೊಗಿ ಕಾಣಾಕತ್ತೇತ್ರೀ, ಗುಂಡಿ ಒತ್ರೀ ಎಂದು ಕೂಗಿದ. ಹೊಗೆ ಕಾಣುವುದು ನಿನ್ನ ಕೆಲಸ, ಚೀಟಿ ನೋಡುವುದು ನನ್ನ ಕೆಲಸ ಎಂದು ಗದರಿದೆ. ಆ ಅಂಗಡಿಯ ತಿಂಗಳ ಬಿಲ್ಲುಗಳನ್ನೆಲ್ಲ ಯಂತ್ರದಲ್ಲಿ ಮೇಲಿನಿಂದ ಕೆಳಗೆ ಹುಡುಕಿದೆ. ಸಿಕ್ಕಿತು: ಸೂಜಿ, ಎರಡು ಉಂಡೆ ಕರಿ ದಾರ. ಗುಂಡಿ ಒತ್ತಿದೆ. ಅಷ್ಟು ಹೊತ್ತಿಗೆ ಕರೆ ಬಂದು ಏಳು ನಿಮಿಷ ದಾಟಿತ್ತು.

ಬಸಲಿಂಗ ನಾಲ್ಕೇ ನಿಮಿಷದಲ್ಲಿ ಮುಟ್ಟಿದ. ಪರಸಪ್ಪನ ಮೈಗೆ ಬೆಂಕಿ ತಾಗಿರಲಿಲ್ಲ, ಹೊಗೆ ಕುಡಿದು ಹೋಗಿದ್ದ. ಬಿಳಿ ಗಾಡಿಯ ನರ್ಸಮ್ಮ ಅವನ ಕೈ ಮುಟ್ಟಿ ನೋಡಿ, ಮೈ ಇನ್ನೂ ಬೆಚ್ಚಗಿದೆ, ಒಂದೈದು ನಿಮಿಷ ಮೊದಲು ಬಂದಿದ್ದರೆ ಉಳಿಯುತ್ತಿದ್ದ ಎಂದಳಂತೆ. ಬಸಲಿಂಗ ಈ ಮಾತನ್ನು ನನ್ನ ಮುಂದೆ ಹೇಳಿ, ಹೆಲ್ಮೆಟ್ಟು ನನ್ನ ಮೇಜಿನ ಮೇಲಿಟ್ಟು ಹೋದವನು ಇಂದಿಗೂ ನನ್ನೊಡನೆ ಮಾತಾಡಿಲ್ಲ.

ಮರುದಿನ ಬರಿದಿನ. ಬರಿದಿನ ಯಂತ್ರಗಳು ನಿಂತಿರುವುದರಿಂದ ನಂಬರು ನೋಡಲಾಗುವುದಿಲ್ಲ. ಹಾಗಾಗಿ ಆ ಒಂದು ದಿನ ಕೇಳುಗಾತಿ ಏನನ್ನೂ ಕೇಳುವುದಿಲ್ಲ, ಎಲ್ಲಿ ಎಂದಷ್ಟೇ ಕೇಳಿ ಗುಂಡಿ ಒತ್ತುತ್ತಾಳೆ. ಬೆಳಿಗ್ಗೆ ಒಂಬತ್ತಕ್ಕೆ ಒಬ್ಬ ಮುದುಕರಿಗೆ ಎದೆನೋವು ಎಂದು ಕರೆ ಬಂತು. ನಾನು ಅರೆನಿಮಿಷದಲ್ಲಿ ಗುಂಡಿ ಒತ್ತಿದೆ. ಆಮೇಲೆ ನೋಡಿದರೆ ಆ ಮನೆಯ ಬಾಗಿಲಲ್ಲಿ ಒಂದು ಚೀಟಿಯೂ ಇರಲಿಲ್ಲ. ಮುದುಕರು ಬದುಕಿದ್ದಾರೆ. ಗುಂಡಿಯ ಮೇಲಿದ್ದ ನನ್ನ ಬೆರಳನ್ನೇ ನೋಡುತ್ತಾ ಕೂತೆ. ಮೂವತ್ತು ಬರಿದಿನ ಇದೇ ಕುರ್ಚಿಯಲ್ಲಿ ಕಳೆದಿದ್ದೇನೆ. ಒಂದು ಬರಿದಿನವೂ ಸುಳ್ಳು ಬೆಂಕಿಗೆ ಗಾಡಿ ಹೋದದ್ದಿಲ್ಲ. ಇದು ನನ್ನ ಕಣ್ಣೆದುರಿಗೇ ಇತ್ತು. ಊರಿಗೆಲ್ಲ ಅನುಮಾನದ ಕಣ್ಣು ಹಚ್ಚಿ ಕೂತವಳು ಇದನ್ನು ಮಾತ್ರ ನೋಡಲಿಲ್ಲ. ಅವತ್ತು ಠಾಣೆಯ ಹಿಂದಿನ ನೀರಿನ ತೊಟ್ಟಿಯ ಹತ್ತಿರ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಆ ಬೆಂಕಿ ಒಂದು ದಿನ ತಡವಾಗಿ ಹತ್ತಬಾರದಿತ್ತೇ ಎಂದು ಅತ್ತೆ.

ಹದಿನೈದು ದಿನದ ಮೇಲೆ ಯಲ್ಲೂಬಾಯಿ ಠಾಣೆಗೆ ಬಂದಳು. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಪರಿಹಾರ ಕೇಳಲು ಯಾರೋ ಹಿಂದೆ ನಿಂತು ಕಳಿಸಿದ್ದಾರೆ ಎಂದೂ ನನ್ನ ಹಾಳು ಬುದ್ಧಿಗೆ ಒಂದು ಗಳಿಗೆ ಅನ್ನಿಸಿತು. ಅವಳು ಕುರ್ಚಿಯ ಮುಂದೆ ನಿಂತು ಒಂದೇ ಮಾತು ಹೇಳಿದಳು: ನಾ ಖರೇ ಹೇಳಿದ್ನಿರಿ. ಆದ್ರ ಸುಳ್ಳ ಹೇಳಿದ್ನಿ ಅಂತ ತಿಳಕೋರಿ, ಬೆಂಕಿ ಖರೇ ಇತ್ತಲ್ರಿ? ಇಷ್ಟು ಹೇಳಿ ಹೊರಟುಹೋದಳು. ಅಂದಿನಿಂದ ನಾನು ಹಿಡಿದುಕೊಟ್ಟ ಆ ಹನ್ನೊಂದು ಮಂದಿಯ ನೆನಪು ಬಿಡುತ್ತಿಲ್ಲ. ಅವರೆಲ್ಲ ಸುಳ್ಳು ಹೇಳಿದ್ದು ಚೀಟಿಯ ವಿಷಯದಲ್ಲಿ. ಬೆಂಕಿಯ ವಿಷಯದಲ್ಲಿ ಅಲ್ಲ.

ವಿಚಾರಣೆ ನಡೆಯಿತು. ಕೇಳುಗಾತಿ ನಿಯಮದ ಪ್ರಕಾರವೇ ನಡೆದುಕೊಂಡಿದ್ದಾಳೆ, ತಪ್ಪಿಲ್ಲ ಎಂದರು. ಹಾಗಾದರೆ ಪರಸಪ್ಪ ಸತ್ತದ್ದೇಕೆ? ಚೀಟಿ ಕಾಗದದ್ದಾಗಿದ್ದರಿಂದ! ಅದಕ್ಕೆ ಪರಿಹಾರವನ್ನೂ ಹುಡುಕಿದರು: ನಾಳೆಯಿಂದ ಕಿಡಿಚೀಟಿಯನ್ನು ತಗಡಿನಲ್ಲಿ ಕೊಡುತ್ತಾರೆ. ಸುಡುವುದಿಲ್ಲವಂತೆ, ನಂಬರು ಅಳಿಯುವುದಿಲ್ಲವಂತೆ. ಉರಿಯುವ ಬಾಗಿಲಿನಲ್ಲಿ ಕೆಂಪಗೆ ಕಾದ ತಗಡನ್ನು ಹಿಡಿದು ಓದುವವರು ಯಾರು ಎಂದು ನಾನು ಕೇಳಿದೆ. ಅದು ಈ ಸಭೆಯ ವಿಷಯವಲ್ಲ, ಕುಳಿತುಕೊಳ್ಳಿ ಎಂದರು. ಆ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿತು.

ಮನೆಗೆ ಬಂದ ಮೇಲೆ ನೆನಪಾಯಿತು. ನಮ್ಮವ್ವ ಹೇಳುತ್ತಿದ್ದಳು, ಅವಳಿಗೆ ಅವಳ ಅವ್ವ ಹೇಳಿದ್ದಂತೆ: ನೀಲಗಂಗವ್ವ ಆಯಿ ಒಮ್ಮೆ ಪುರಸಭೆಯ ಸಭೆಯಲ್ಲಿ ಎದ್ದುನಿಂತಿದ್ದಳು, ಇದು ಈ ಸಭೆಯ ವಿಷಯವಲ್ಲ ಎಂದು ಅವಳನ್ನು ಕೂರಿಸಿದರು ಎಂದು. ಮರುದಿನವೇ ಹೋಗಿ ಹಳೆಯ ನಡಾವಳಿ ಪುಸ್ತಕ ತೆಗೆಸಿದೆ. ಕಿಡಿಕಾಸಿನ ಠರಾವಿನ ಕೆಳಗೆ ಮೂರು ಸಾಲು ಇವೆ. 'ತೊಟ್ಟು ಬಿಡಿಸುವ ಕೆಲಸದ ಮಹಿಳೆಯೊಬ್ಬರು, ಅಂಗಡಿಯಲ್ಲಿ ಉಪ್ಪನ್ನೂ ಕೊಳ್ಳದವರ ಮನೆಗೆ ಗಾಡಿ ಬರುವುದೋ ಇಲ್ಲವೋ ಎಂದು ಕೇಳಿದರು. ವಿಷಯವು ಕಾರ್ಯಸೂಚಿಯಲ್ಲಿ ಇಲ್ಲದ ಕಾರಣ ಕುಳಿತುಕೊಳ್ಳಲು ಅಧ್ಯಕ್ಷರು ತಿಳಿಸಿದರು. ಅವರು ಕುಳಿತರು.' ಹೆಸರು ಬರೆದುಕೊಂಡಿಲ್ಲ. ಬರೆಯಬೇಕು ಎಂದು ಅವರಿಗೆ ಅನ್ನಿಸಿಲ್ಲ.

ನೀವು ಊರಿನ ಮೇಲಿನ ಕರುಣೆಯಿಂದಲೇ ಕೇಳಿದಿರಿ ಎಂದು ನಾನೇನೂ ನಂಬಿಲ್ಲ ಆಯಿ. ಬಿಲ್ಲು ಕೊಡುವ ಅಂಗಡಿಯ ಮೆಟ್ಟಿಲನ್ನೇ ನೀವು ಹತ್ತುತ್ತಿರಲಿಲ್ಲವಂತೆ. ಸಂತೆಯಲ್ಲಿ ಮೆಣಸಿನಕಾಯಿ ಕೊಟ್ಟು ಉಪ್ಪು ತರುತ್ತಿದ್ದಿರಂತೆ. ಹಾಗಾದರೆ ನಿಮ್ಮ ಮನೆಯ ಚಿಂತೆಯಲ್ಲೇ ಕೇಳಿರಬಹುದು. ಇರಲಿ. ಕೇಳಿದ್ದು ಸರಿಯಾದದ್ದನ್ನೇ. ನನ್ನನ್ನೂ ಸುಮ್ಮನೆ ನಂಬಬೇಡಿ. ಸಭೆಯ ಹಿಂದಿನ ದಿನ ಹೋಗಿ ಠರಾವನ್ನು ಓದಿಸಿ ಕೇಳಿ. ಕರೆದವರು ಯಾರೇ ಇರಲಿ, ಕೊಟ್ಟವರಿರಲಿ, ಕೊಡದವರಿರಲಿ, ಗಾಡಿ ಮೊದಲು ಹೊರಡಬೇಕು, ವಿಚಾರಣೆ ಆಮೇಲೆ ಎಂಬ ಒಂದು ಸಾಲು ಅದರಲ್ಲಿ ಇದೆಯೇ ನೋಡಿ. ಇರುವುದಿಲ್ಲ. ತೆರಿಗೆ ಬೇಡ ಎನ್ನಬೇಡಿ. ಕಾಸು ಎಲ್ಲಿಗೆ ಹೋಯಿತೆಂದು ವರ್ಷವರ್ಷ ಪುಸ್ತಕ ತೆಗೆಸಿ ನೋಡಿ, ಕಮಾನು ಕಟ್ಟುತ್ತೇವೆ ಎಂದರೆ ಜಗಳ ತೆಗೆಯಿರಿ. ಅನುಮಾನಪಡುವುದಾದರೆ ಪುಸ್ತಕದ ಮೇಲೆ ಪಡಿ, ಕೂಗುತ್ತಿರುವವರ ಮೇಲೆ ಬೇಡ. ಆ ಒಂದು ಸಾಲು ಬರೆಸಿ. ಅಧ್ಯಕ್ಷರು ಕುಳಿತುಕೊಳ್ಳಿ ಎನ್ನುತ್ತಾರೆ, ಅಕ್ಕಪಕ್ಕದವರು ಸೀರೆಯ ಸೆರಗು ಜಗ್ಗುತ್ತಾರೆ, ಯಾರೋ ಹಿಂದಿನಿಂದ ನಗುತ್ತಾರೆ. ಬರೆಯುವ ತನಕ ಕುಳಿತುಕೊಳ್ಳಬೇಡಿ.

ಈ ಕಾಗದವನ್ನು ಹಿಂದಂಚೆಯ ಡಬ್ಬಿಗೆ ಹಾಕಿ ನೇರ ಪುರಸಭೆಗೆ ಹೋಗುತ್ತೇನೆ, ನಡಾವಳಿಯ ಪುಟ ತೆಗೆದು ಕೊನೆಯ ಸಾಲು ನೋಡುತ್ತೇನೆ. ಅದು ಬದಲಾಗಿದ್ದರೆ, ತೊಟ್ಟಿನ ಓಣಿಯ ಹಾಸಿಗೆಯಲ್ಲಿ ಪರಸಪ್ಪ ಇವತ್ತು ಯಲ್ಲೂಬಾಯಿಯ ಹೊಲಿಗೆಯ ಸದ್ದು ಕೇಳುತ್ತಾ ಮಲಗಿರುತ್ತಾನೆ, ನಾನು ಈ ಕಾಗದ ಬರೆದದ್ದು ನನಗೇ ನೆನಪಿರುವುದಿಲ್ಲ. ಇನ್ನೂ 'ಅವರು ಕುಳಿತರು' ಎಂದೇ ಇದ್ದರೆ, ನಾಳೆ ಮೊದಲ ಕರೆಗೆ ನಾನು ನಂಬರು ಕೇಳದೆ ಗುಂಡಿ ಒತ್ತುತ್ತೇನೆ. ಎರಡನೆಯದಕ್ಕೂ ಒತ್ತುತ್ತೇನೆ. ನನ್ನನ್ನು ಸಭೆಗೆ ಕರೆಸಿ ಏಕೆ ಎಂದು ಕೇಳುತ್ತಾರೆ, ಉತ್ತರ ಮುಗಿಯುವ ಮೊದಲೇ ಕುಳಿತುಕೊಳ್ಳಿ ಎನ್ನುತ್ತಾರೆ. ನನ್ನ ಮೊಣಕಾಲು ನೆಟ್ಟಗಿಲ್ಲ ಆಯಿ, ಬಹಳ ಹೊತ್ತು ನಿಲ್ಲಲಾರೆ. ಆದರೂ ನಿಲ್ಲುತ್ತೇನೆ.

ನಿಮ್ಮ ಮೊಮ್ಮಗಳು,
ಚಂಪಕ್ಕ